ಸಿಡಿ ನಿಮ್ಮದು, ಬಿಲ್ಲೂ ನಿಮ್ಮದು. ನಕಲು ಮಾಡಿಟ್ಟುಕೊಂಡ್ರೆ ತಪ್ಪಾ?

ಹಾಸನದ ಪಕ್ಕದ ಮೊಸಳೆಯಿಂದ ಮಾತಾಡ್ತಿದ್ದೀನಿ. ಈ ಸಂಚಿಕೆಗೆ ಕಾರಣ ನಾನಲ್ಲ, ಹೊಳೆನರಸೀಪುರದ ಕಡೆಯ ಒಬ್ಬ ಕೇಳುಗರು. ಅವರು ಡಿಟಿಪಿ ಸೆಂಟರ್ ಇಟ್ಟಿದ್ದಾರೆ. ಹೋದ ವಾರ ಒಂದು ವಾಯ್ಸ್ ಮೆಸೇಜ್ ಕಳಿಸಿದ್ರು. ಹೆಸರು ಹೇಳಬೇಡ ಅಂದಿದ್ದಾರೆ, ಅದಕ್ಕೆ ಹೇಳ್ತಿಲ್ಲ. ವಿಷಯ ಇಷ್ಟು:

"ತಮ್ಮಾ, ಲಗ್ನಪತ್ರಿಕೆ, ಕರಪತ್ರ, ರಸೀದಿ ಪುಸ್ತಕ, ಶಾಲೆಯ ಸ್ಮರಣ ಸಂಚಿಕೆ, ಎಲ್ಲಾ ಮಾಡ್ಕೊಂಡು ಬಂದೋನು ನಾನು. ಸುತ್ತಮುತ್ತ ಎಲ್ಲರೂ ಕಾಪಿ ಸಿಡಿ ಹಾಕ್ಕೊಂಡಾಗ ನಾನು ದುಡ್ಡು ಕೊಟ್ಟು ಒರಿಜಿನಲ್ ತಗೊಂಡೆ. ಬಿಲ್ ಇನ್ನೂ ಇದೆ. ಈಗ ಕಂಪ್ಯೂಟರ್ ಕೆಟ್ಟೋಯ್ತು, ಹೊಸದಕ್ಕೆ ಹಾಕೋಣ ಅಂದ್ರೆ ಸಿಡಿ ಓದ್ತಾ ಇಲ್ಲ. ಪಕ್ಕದ ಅಂಗಡೀಲಿ ಅದೇ ಸಾಫ್ಟ್‌ವೇರಿನ ಕಾಪಿ ಸಿಡಿ ಚೆನ್ನಾಗಿ ಓಡ್ತಾ ಇದೆ. ಅದನ್ನ ತಂದು ಹಾಕ್ಕೊಂಡ್ರೆ ನಾನು ಕಳ್ಳ ಆಗ್ತೀನಾ?"

ನಾನು ಈ ಮೆಸೇಜನ್ನ ಮೂರು ಸಲ ಕೇಳಿದೆ. ಯಾಕಂದ್ರೆ ಪ್ರಶ್ನೆ ಸುಲಭ ಅನ್ಸುತ್ತೆ, ಉತ್ತರ ಸುಲಭ ಇಲ್ಲ. ನಾನು ವಕೀಲ ಅಲ್ಲ, ಬಿಕಾಂ ಓದಿರೋನು. ಆದ್ರೆ ಕಾಯ್ದೆ ಎಲ್ಲರಿಗೂ ಓದೋಕೆ ಸಿಗುತ್ತೆ, ಓದಿದೀನಿ. ಅದರಲ್ಲಿ ಏನಿದೆ ಅಂತ ಹೇಳ್ತೀನಿ. ನಿಮ್ಮದೇ ಕೇಸು ಕೋರ್ಟಿಗೆ ಹೋಗೋ ಹಾಗಿದ್ರೆ ಮಾತ್ರ ದಯವಿಟ್ಟು ವಕೀಲರನ್ನ ನೋಡಿ.

ಮೊದಲು, ಕಾನೂನಿನ ಕಣ್ಣಲ್ಲಿ ಸಾಫ್ಟ್‌ವೇರ್ ಅಂದ್ರೆ ಏನು? ನಗಬೇಡಿ, ಅದು ಸಾಹಿತ್ಯ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಒಂದು ಸಾಹಿತ್ಯ ಕೃತಿ. ಕಾದಂಬರಿಗೆ ಇರೋ ರಕ್ಷಣೆ ನಿಮ್ಮ ಲೆಕ್ಕದ ಸಾಫ್ಟ್‌ವೇರಿಗೂ ಇದೆ. ಅಂಗಡೀಲಿ ನೀವು ಸಿಡಿ ಕೊಂಡಾಗ ಆ ಪ್ಲಾಸ್ಟಿಕ್ ತಟ್ಟೆ ನಿಮ್ಮದಾಗುತ್ತೆ, ಒಳಗಿನ ಕೃತಿಯ ಹಕ್ಕುಸ್ವಾಮ್ಯ ನಿಮ್ಮದಾಗಲ್ಲ. ಪುಸ್ತಕ ಕೊಂಡೋರು ಅದನ್ನ ಮತ್ತೆ ಅಚ್ಚು ಹಾಕಿ ಮಾರೋ ಹಾಗಿಲ್ಲವಲ್ಲ, ಹಾಗೇ.

ಆದ್ರೆ ಪುಸ್ತಕಕ್ಕೂ ಸಾಫ್ಟ್‌ವೇರಿಗೂ ಒಂದು ವ್ಯತ್ಯಾಸ ಇದೆ. ಪುಸ್ತಕ ಓದೋಕೆ ನಕಲು ಮಾಡಬೇಕಾಗಿಲ್ಲ. ಸಾಫ್ಟ್‌ವೇರ್ ಬಳಸಬೇಕು ಅಂದ್ರೆ ನಕಲು ಆಗಲೇಬೇಕು. ಸಿಡಿಯಿಂದ ಹಾರ್ಡ್ ಡಿಸ್ಕಿಗೆ ಇನ್‌ಸ್ಟಾಲ್ ಮಾಡೋದು ಒಂದು ನಕಲು. ಓಪನ್ ಮಾಡಿದಾಗ ಮೆಮೊರಿಗೆ ಬರೋದು ಇನ್ನೊಂದು ನಕಲು. ನಕಲು ಅಂದ ತಕ್ಷಣ ಅಪರಾಧ ಅನ್ನೋದಾದ್ರೆ ಯಾರೂ ಕಂಪ್ಯೂಟರ್ ಮುಟ್ಟೋ ಹಾಗೇ ಇರ್ತಿರಲಿಲ್ಲ.

ಅದಕ್ಕೇ ಕಾಯ್ದೆಯ 52ನೇ ಕಲಮಿನಲ್ಲಿ ಒಂದು ಕಿಂಡಿ ಇಟ್ಟಿದ್ದಾರೆ. ಕಾನೂನುಬದ್ಧವಾಗಿ ಒಂದು ಪ್ರತಿ ಇಟ್ಟುಕೊಂಡಿರೋ ವ್ಯಕ್ತಿ ಎರಡು ಕಾರಣಕ್ಕೆ ನಕಲು ಮಾಡಬಹುದು. ಒಂದು, ಆ ಪ್ರೋಗ್ರಾಂ ಯಾವ ಕೆಲಸಕ್ಕೆ ಅಂತ ಕೊಟ್ಟಿದ್ದಾರೋ ಆ ಕೆಲಸಕ್ಕೆ ಬಳಸೋಕೆ. ಎರಡು, ಕಳೆದುಹೋದ್ರೆ, ಹಾಳಾದ್ರೆ ಅಂತ ರಕ್ಷಣೆಗೆ ಬ್ಯಾಕಪ್ ಪ್ರತಿ ಮಾಡೋಕೆ. ಇವೆರಡೂ ಹಕ್ಕುಸ್ವಾಮ್ಯ ಉಲ್ಲಂಘನೆ ಅಲ್ಲ ಅಂತ ಕಾಯ್ದೆಯೇ ಹೇಳುತ್ತೆ. 1999ರ ತಿದ್ದುಪಡಿಯಲ್ಲಿ ಇನ್ನೊಂದು ಮಾತು ಸೇರ್ತು: ವೈಯಕ್ತಿಕವಾಗಿ, ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ, ವ್ಯಾಪಾರವಲ್ಲದ ಸ್ವಂತ ಬಳಕೆಗೆ ನಕಲು ಮಾಡ್ಕೋಬಹುದು.

ಅಂದ್ರೆ ಬಿಲ್ ಇರೋ ಸಿಡಿಯನ್ನ ಮನೇಲಿ ಕೂತು ಇನ್ನೊಂದು ಖಾಲಿ ಸಿಡಿಗೆ ಬರೆದು ಬೀರುವಲ್ಲಿ ಇಟ್ರೆ ತಪ್ಪಿಲ್ಲ. ಅದೇ ಇನ್ನೊಂದು ಸಿಡಿಯನ್ನ ಭಾಮೈದನ ಅಂಗಡಿಗೆ ಕೊಟ್ರೆ? ಅಲ್ಲಿಗೆ ಕಿಂಡಿ ಮುಚ್ತು. ಬರ್ನ್ ಮಾಡೋ ಕೆಲಸ ಎರಡೂ ಕಡೆ ಒಂದೇ, ಡ್ರೈವ್ ಒಂದೇ, ಖಾಲಿ ಸಿಡಿ ಒಂದೇ. ಬದಲಾಗೋದು ಪ್ರತಿ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಅನ್ನೋದು.

ಈ ಕಿಂಡಿ ಎಷ್ಟು ಮುಖ್ಯ ಅಂತ ಗೊತ್ತಾಗಿದ್ದು ನಮ್ಮ ಕರ್ನಾಟಕದ್ದೇ ಒಂದು ಜಗಳದಲ್ಲಿ. ನಾನು ಕಾಮರ್ಸ್ ಓದಿದ್ದಕ್ಕೆ ಈ ಕೇಸಿನ ಮೇಲೆ ನನಗೆ ವಿಶೇಷ ಆಸಕ್ತಿ. ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಅನ್ನೋ ಕಂಪನಿ ಅಮೆರಿಕದಿಂದ ಸಿದ್ಧ ಸಾಫ್ಟ್‌ವೇರ್ ತರಿಸಿಕೊಳ್ತಿತ್ತು. ಆದಾಯ ತೆರಿಗೆ ಇಲಾಖೆ ಕೇಳಿದ್ದು: ನೀವು ಕೊಟ್ಟ ದುಡ್ಡು ಸಾಮಾನಿನ ಬೆಲೆ ಅಲ್ಲ, ಹಕ್ಕುಸ್ವಾಮ್ಯ ಬಳಸಿದ್ದಕ್ಕೆ ಕೊಟ್ಟ ರಾಯಲ್ಟಿ, ಹಾಗಾಗಿ ಕೊಡೋವಾಗಲೇ ಟಿಡಿಎಸ್ ಯಾಕೆ ಹಿಡಿಯಲಿಲ್ಲ? ಸ್ಯಾಮ್‌ಸಂಗ್ ಸೇರಿ ಹಲವು ಕಂಪನಿಗಳ ಮೇಲೂ ಇದೇ ತಕರಾರು. 2011ರ ಅಕ್ಟೋಬರ್‌ನಲ್ಲಿ ಸ್ಯಾಮ್‌ಸಂಗ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಇಲಾಖೆಯ ವಾದ ಒಪ್ಪಿಕೊಳ್ತು. ಹಾರ್ಡ್ ಡಿಸ್ಕಿಗೆ ಹಾಕ್ಕೊಳ್ಳೋದು, ಬ್ಯಾಕಪ್ ತೆಗೆಯೋದು, ಇದೂ ನಕಲು ಮಾಡೋ ಹಕ್ಕೇ, ಹಾಗಾಗಿ ಹಕ್ಕುಸ್ವಾಮ್ಯದ ಒಂದು ಭಾಗವೇ ಕೈಗೆ ಬಂದ ಹಾಗೆ ಅನ್ನೋ ಅರ್ಥದ ತೀರ್ಪು ಅದು.

ಪ್ರಕರಣಗಳೆಲ್ಲ ಸುಪ್ರೀಂ ಕೋರ್ಟಿಗೆ ಹೋದವು. 2021ರ ಮಾರ್ಚ್ 2ರಂದು ತೀರ್ಪು ಬಂತು, ಹೈಕೋರ್ಟ್ ತೀರ್ಪು ನಿಲ್ಲಲಿಲ್ಲ. ಬಳಸೋಕೆ ಪರವಾನಗಿ ಕೊಡೋದು ಬೇರೆ, ಹಕ್ಕುಸ್ವಾಮ್ಯ ಬಿಟ್ಟುಕೊಡೋದು ಬೇರೆ ಅಂತ ಕೋರ್ಟ್ ಹೇಳ್ತು. ಬಳಸೋಕೆ ಬೇಕಾದ ನಕಲು ಉಲ್ಲಂಘನೆ ಅಲ್ಲ ಅಂತ ಇದೇ 52ನೇ ಕಲಮನ್ನ ತೋರಿಸ್ತು. ಕಂಪನಿಗಳಿಗೆ ಇದು ಕೋಟಿಗಟ್ಟಲೆ ತೆರಿಗೆಯ ಪ್ರಶ್ನೆ. ನಮ್ಮ ಡಿಟಿಪಿ ಅಣ್ಣನಿಗೆ ಅದೇ ತೀರ್ಪು ಹೇಳೋದು ಏನಂದ್ರೆ, ಬ್ಯಾಕಪ್ ತೆಗೆಯೋನು ಕಂಪನಿಯ ಆಸ್ತಿಗೆ ಕೈ ಹಾಕ್ತಿಲ್ಲ.

ಈಗ ಕಿಂಡಿಯ ಆಚೆ ಏನಿದೆ ನೋಡೋಣ.

ಸಾಮಾನ್ಯ ಹಕ್ಕುಸ್ವಾಮ್ಯ ಉಲ್ಲಂಘನೆಗೆ 63ನೇ ಕಲಮು: 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಇದು ಪೊಲೀಸರು ತಾವಾಗೇ ಕೇಸ್ ಹಾಕಬಹುದಾದ, ಜಾಮೀನುರಹಿತ ಅಪರಾಧ ಅಂತ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಫ್ಟ್‌ವೇರಿಗೆ ಅಂತಲೇ 63ಬಿ ಬೇರೆ ಇದೆ. ಇದು ಮಾರೋರಿಗೆ ಮಾತ್ರ ಅಲ್ಲ, ಬಳಸೋರಿಗೆ. ನಕಲಿ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದ್ರೆ ಕನಿಷ್ಠ 7 ದಿನ, ಗರಿಷ್ಠ 3 ವರ್ಷ ಜೈಲು, ಜೊತೆಗೆ 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕೋ ವ್ಯಾಪಾರಕ್ಕೋ ಬಳಸಿಲ್ಲ ಅಂದ್ರೆ ಕೋರ್ಟ್ ಜೈಲು ಬಿಟ್ಟು 50 ಸಾವಿರದವರೆಗಿನ ದಂಡಕ್ಕೆ ನಿಲ್ಲಿಸಬಹುದು.

ಕರ್ನಾಟಕದಲ್ಲಿ ಇದರ ಮೇಲೆ ಇನ್ನೊಂದು. ಜನ ಗೂಂಡಾ ಕಾಯ್ದೆ ಅಂತ ಕರೆಯೋ 1985ರ ಕಾನೂನಿಗೆ 2014ರಲ್ಲಿ ತಿದ್ದುಪಡಿ ಆಯ್ತು. ಕಳ್ಳಬಟ್ಟಿಯವರು, ಜೂಜುಕೋರರು ಇದ್ದ ಪಟ್ಟಿಗೆ ಆಡಿಯೋ ವಿಡಿಯೋ ಪೈರಸಿ ಮಾಡೋರು, ಡಿಜಿಟಲ್ ಅಪರಾಧಿಗಳು ಸೇರಿದ್ರು. ವ್ಯಾಪಾರಕ್ಕಾಗಿ ಗೊತ್ತಿದ್ದೇ ಸಾಫ್ಟ್‌ವೇರ್ ಹಕ್ಕುಸ್ವಾಮ್ಯ ಮುರಿಯೋರೂ ಇದರೊಳಗೆ ಬರ್ತಾರೆ. ಮುನ್ನೆಚ್ಚರಿಕೆ ಅಂತ ಒಂದು ವರ್ಷದವರೆಗೆ ಒಳಗೆ ಇಡಬಹುದು. ಒಂದೇ ಬರ್ನರ್ ಡ್ರೈವ್: ಈ ಕಡೆ ಕಾಯ್ದೆ ಕೊಟ್ಟ ಹಕ್ಕು, ಆ ಕಡೆ ಗೂಂಡಾ ಕಾಯ್ದೆ. ನಡುವಿನ ಗೆರೆ ನಮ್ಮ ಹೆಚ್ಚಿನವರಿಗೆ ಯಾರೂ ಹೇಳಿಕೊಟ್ಟಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಕಂಪ್ಯೂಟರ್ ಜೋಡಿಸಿಕೊಂಡು ಬಂದ ಕಾಲದಲ್ಲಿ ಎಲ್ಲ ಸಾಫ್ಟ್‌ವೇರೂ ಹಾಕಿಕೊಡಿ ಅಂತ ಕೇಳೋದೇ ರೂಢಿ ಆಗಿತ್ತಲ್ವಾ.

ಸರಿ, ಕಾನೂನು ಬ್ಯಾಕಪ್ ಮಾಡ್ಕೋ ಅಂತು. ಡಿಸ್ಕ್ ಒಪ್ಪುತ್ತಾ?

ಇಲ್ಲಿ ಕಷ್ಟ ಶುರು. ಕಂಪನಿ ಕೊಡೋ ಸಿಡಿಯಲ್ಲಿ ಮಾಹಿತಿ ಅಚ್ಚಿನಿಂದ ಒತ್ತಿದ ಸಣ್ಣ ಸಣ್ಣ ಗುಳಿಗಳ ರೂಪದಲ್ಲಿ ಇರುತ್ತೆ. ನಾವು ಬರ್ನ್ ಮಾಡೋ ಸಿಡಿಯಲ್ಲಿ ಬಣ್ಣದ ಒಂದು ಪದರ ಇರುತ್ತೆ, ಲೇಸರ್ ಅದನ್ನ ಸುಟ್ಟು ಗುರುತು ಮಾಡುತ್ತೆ. ಹಾಗಾಗಿ ನಮ್ಮ ನಕಲು ಬಿಸಿಲಿಗೆ, ಶಾಖಕ್ಕೆ ಬೇಗ ಸೋಲುತ್ತೆ. ಇನ್ನೊಂದು ಎಲ್ಲರೂ ತಪ್ಪು ತಿಳ್ಕೊಂಡಿರೋ ವಿಷಯ: ಸಿಡಿಯ ಹೊಳೆಯೋ ಕೆಳಭಾಗವನ್ನ ಮಗು ಥರ ನೋಡ್ಕೋತೀವಿ, ಮೇಲ್ಭಾಗದ ಮೇಲೆ ಬಾಲ್‌ಪೆನ್ನಲ್ಲಿ ಹೆಸರು ಕೆತ್ತುತೀವಿ. ಸಿಡಿಯಲ್ಲಿ ಕನ್ನಡಿ ಪದರ ಇರೋದು ಮೇಲಿನ ಲೇಬಲ್ಲಿನ ಅಡಿಯಲ್ಲೇ, ಒಂದು ತೆಳು ಲೇಪದ ಕೆಳಗೆ. ಕೆಳಗಿನ ಗೀರು ಉಜ್ಜಿದ್ರೆ ಕೆಲವು ಸಲ ಸರಿ ಹೋಗುತ್ತೆ, ಮೇಲೆ ಕಿತ್ತು ಬಂದ್ರೆ ಮಾಹಿತಿಯೇ ಹೋಯ್ತು. ಡಿವಿಡಿಯಲ್ಲಿ ಪದರ ಎರಡು ಪ್ಲಾಸ್ಟಿಕ್ ನಡುವೆ ಇರೋದ್ರಿಂದ ಸ್ವಲ್ಪ ಪರವಾಗಿಲ್ಲ.

ಆಮೇಲೆ ಬೀಗ. ಕೆಲವು ಕಂಪನಿಗಳು ಡಿಸ್ಕಿನಲ್ಲೇ ಬೇಕಂತಲೇ ಓದೋಕೆ ಬಾರದ ಜಾಗ ಇಡ್ತಿದ್ವು, ಇಲ್ಲಾ ಸಾಮಾನ್ಯ ನಕಲಿನಲ್ಲಿ ಬರದ ಗುರುತು ಅಡಗಿಸ್ತಿದ್ವು. ನೀವು ನಕಲು ಮಾಡಿದ್ರೂ ಪ್ರೋಗ್ರಾಂ ಆ ಗುರುತು ಹುಡುಕಿ, ಸಿಗದೆ, ಒರಿಜಿನಲ್ ಹಾಕು ಅನ್ನುತ್ತೆ. ಆಟಗಳ ಸಿಡಿಯಲ್ಲಿ ಇದ್ದ ಸೇಫ್‌ಡಿಸ್ಕ್ ಅಂಥದ್ದು. ತಮಾಷೆ ಏನು ಗೊತ್ತಾ? 2015ರಲ್ಲಿ ಬಂದ ವಿಂಡೋಸ್ 10, ಸುರಕ್ಷತೆಯ ಕಾರಣಕ್ಕೆ ಸೇಫ್‌ಡಿಸ್ಕಿಗೆ ಬೆಂಬಲ ಕೊಡಲಿಲ್ಲ. ಹಾಗಾಗಿ ದುಡ್ಡು ಕೊಟ್ಟು ಕೊಂಡವರ ಒರಿಜಿನಲ್ ಡಿಸ್ಕೇ ಓಡದೆ ನಿಂತ್ಕೊಂಡ್ತು. ಬೀಗ ಮುರಿದ ನಕಲಿ ಪ್ರತಿ ಇದ್ದೋರಿಗೆ ಆ ತೊಂದರೆ ಬರಲಿಲ್ಲ.

ಡಿಟಿಪಿ, ಅಕೌಂಟ್ಸ್ ಲೋಕದಲ್ಲಿ ಬೀಗ ಬೇರೆ ಥರ. ಕಂಪ್ಯೂಟರಿನ ಹಿಂದೆ ಚುಚ್ಚೋ ಡಾಂಗಲ್, ಇಲ್ಲಾ ಸೀರಿಯಲ್ ನಂಬರ್ ಮತ್ತು ಆಕ್ಟಿವೇಶನ್. ಇಲ್ಲಿ ಸಿಡಿ ನಕಲು ಸಲೀಸು. ಆದ್ರೆ ಡಾಂಗಲ್ ಕಳೆದುಹೋದ್ರೆ, ಆಕ್ಟಿವೇಶನ್ ಮಾಡಿಕೊಡೋ ಕಂಪನಿ ಮುಚ್ಚಿದ್ರೆ, ಕೈಯಲ್ಲಿರೋ ಹತ್ತು ನಕಲೂ ಒಂದೇ, ಒಂದೂ ಇಲ್ಲದಿರೋದೂ ಒಂದೇ.

ಬೀಗ ಮುರಿಯಬಹುದಾ? 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಮು ಇದಕ್ಕೆ ಉತ್ತರ ಕೊಡುತ್ತೆ. ಹಕ್ಕುಸ್ವಾಮ್ಯ ಉಲ್ಲಂಘಿಸೋ ಉದ್ದೇಶದಿಂದ ಬೀಗ ಮುರಿದ್ರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ಆ ಉದ್ದೇಶದಿಂದ ಅನ್ನೋ ಪದಗಳ ಮೇಲೆ ಗಮನ ಇರಲಿ. ಕಾಯ್ದೆ ನಿಷೇಧಿಸದ ಕೆಲಸಕ್ಕೆ ಮುರಿದ್ರೆ ಈ ಕಲಮು ಅಡ್ಡ ಬರಲ್ಲ ಅಂತ ಅಲ್ಲೇ ಬರೆದಿದೆ. ಅಮೆರಿಕದ 1998ರ ಕಾನೂನಿಗಿಂತ ನಮ್ಮದು ಈ ವಿಷಯದಲ್ಲಿ ಮೃದು. ಒಂದು ಷರತ್ತು ಮಾತ್ರ ಇದೆ: ನಿಮಗೋಸ್ಕರ ಇನ್ನೊಬ್ಬರು ಬೀಗ ತೆಗೆಯೋಕೆ ಸಹಾಯ ಮಾಡಿದ್ರೆ, ಅವರು ನಿಮ್ಮ ಹೆಸರು, ವಿಳಾಸ, ಉದ್ದೇಶ ಎಲ್ಲಾ ಬರೆದಿಡಬೇಕು. ಹಾಸನದಲ್ಲಿ ಎಷ್ಟು ಕಂಪ್ಯೂಟರ್ ಅಂಗಡೀಲಿ ಅಂಥ ರಿಜಿಸ್ಟರ್ ಇದೆ, ನೀವೇ ಯೋಚನೆ ಮಾಡಿ.

ಈಗ ನಮ್ಮ ಅಣ್ಣನ ಪ್ರಶ್ನೆಗೆ ಬರ್ತೀನಿ. ಪಕ್ಕದ ಅಂಗಡಿಯ ಕಾಪಿ ಸಿಡಿ ಹಾಕ್ಕೋಬಹುದಾ?

ಅಣ್ಣಾ, ನನಗೆ ಅರ್ಥ ಆಗೋ ಮಟ್ಟಿಗೆ, ಬೇಡ. ನಿಮ್ಮ ಹತ್ರ ಬಿಲ್ ಇದೆ, ನೀವು ಕಳ್ಳರಲ್ಲ, ಒಪ್ತೀನಿ. ಆದ್ರೆ ಕಾಯ್ದೆ ಕೊಟ್ಟಿರೋ ಹಕ್ಕು ನಿಮ್ಮ ಕೈಲಿರೋ ಕಾನೂನುಬದ್ಧ ಪ್ರತಿಯಿಂದ ನಕಲು ಮಾಡೋದಕ್ಕೆ. ಪಕ್ಕದವರ ಸಿಡಿ ಹುಟ್ಟಿದ್ದೇ ಉಲ್ಲಂಘನೆಯಿಂದ. ಅದು ನಕಲಿ ಅಂತ ನಿಮಗೆ ಗೊತ್ತು, ನೀವೇ ಮೆಸೇಜಲ್ಲಿ ಹೇಳಿದ್ದೀರಿ. ಗೊತ್ತಿದ್ದೂ ಬಳಸೋದು ಅಂದ್ರೆ 63ಬಿ. ನಿಮ್ಮದು ಅಂಗಡಿ, ವ್ಯಾಪಾರ, ಹಾಗಾಗಿ ಆ ರಿಯಾಯಿತಿಯೂ ಸಿಗೋದು ಕಷ್ಟ. ನ್ಯಾಯಾಧೀಶರು ನಿಮ್ಮ ಬಿಲ್ ನೋಡಿ ಕನಿಕರ ತೋರಿಸಬಹುದು. ಆದ್ರೆ ಕನಿಕರ ನಂಬಿ ಅಂಗಡಿ ನಡೆಸೋಕಾಗಲ್ಲ.

ಮಾಡಬೇಕಾದ್ದು ಇಷ್ಟು. ಬಿಲ್ಲಿನ ಜೆರಾಕ್ಸ್, ಸೀರಿಯಲ್ ನಂಬರ್ ಇಟ್ಟು ಕಂಪನಿಗೋ ಡೀಲರಿಗೋ ಲಿಖಿತವಾಗಿ ಕೇಳಿ: ಸಿಡಿ ಹಾಳಾಗಿದೆ, ಬದಲಿ ಕೊಡಿ. ಇಮೇಲ್ ಸಾಕು. ಅವರು ಕೊಟ್ರೆ ಒಳ್ಳೇದು. ಕೊಡದಿದ್ರೂ ನೀವು ಕೇಳಿದ್ದಕ್ಕೆ ದಾಖಲೆ ಇರುತ್ತೆ. ನಿಮ್ಮ ಸಿಡಿಯನ್ನ ಬೇರೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ್ದನ್ನ ಇನ್ನೊಂದು ಓದೋದುಂಟು. ಓದಿದ ಕ್ಷಣವೇ ಮೊದಲು ನಕಲು ತೆಗೀರಿ, ಇನ್‌ಸ್ಟಾಲ್ ಆಮೇಲೆ.

ಕಂಪನಿ ಆ ಸಾಫ್ಟ್‌ವೇರ್ ಮಾರೋದನ್ನೇ ನಿಲ್ಲಿಸಿದ್ರೆ? ಮಾರುಕಟ್ಟೆಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಹಕ್ಕುಸ್ವಾಮ್ಯ ಹೋಗಲ್ಲ. ಸಾಹಿತ್ಯ ಕೃತಿ ಅಂದಿದ್ನಲ್ಲ, ಬರೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಅದಕ್ಕೆ ರಕ್ಷಣೆ. ಆ ಹೊತ್ತಿಗೆ ಆ ಸಿಡಿಯನ್ನ ಓದೋ ಡ್ರೈವೇ ಸಿಗೋದು ಅನುಮಾನ.

ನನಗೆ ಇದರಲ್ಲಿ ನಿಜವಾಗಿ ನೋವಾಗೋದು ಸಾಫ್ಟ್‌ವೇರ್ ಹೋಗೋದಕ್ಕಲ್ಲ. ಅದರಲ್ಲಿ ಮಾಡಿದ ಕೆಲಸ ಹೋಗೋದಕ್ಕೆ. ನಮ್ಮ ಊರುಗಳ ಡಿಟಿಪಿ ಕೆಲಸ ಬಹುಪಾಲು ಆಗಿದ್ದು ಪೇಜ್‌ಮೇಕರಿನಲ್ಲಿ. ಅದರ ಕೊನೆಯ ಆವೃತ್ತಿ 7.0 ಬಂದಿದ್ದು 2001ರಲ್ಲಿ. ಇನ್‌ಡಿಸೈನ್ ಸಿಎಸ್6ರವರೆಗೆ ಹಳೇ ಪೇಜ್‌ಮೇಕರ್ ಫೈಲ್ ತೆಗೀತಿತ್ತು, ಅದರಾಚೆಗಿನ ಆವೃತ್ತಿಗಳು ತೆಗೆಯಲ್ಲ. ಇನ್ನು ಅಕ್ಷರ. ಯುನಿಕೋಡ್ ಬಳಕೆಗೆ ಬರೋ ಮುಂಚಿನ ಕನ್ನಡ ಫೈಲಿನ ಒಳಗೆ ಕನ್ನಡ ಇರೋದೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತ ಇರುತ್ತೆ, ಆ ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತೆ. ಫಾಂಟ್ ಇದ್ದ ಸಿಡಿ ಹೋಯ್ತು ಅಂದ್ರೆ ವೇಷ ಕಳಚಿ ಬೀಳುತ್ತೆ, ಪರದೆ ಮೇಲೆ ಅರ್ಥವಿಲ್ಲದ ಗುರುತುಗಳು.

ಯೋಚನೆ ಮಾಡಿ. ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆ, ಗುಡಿಯ ಇತಿಹಾಸ ಅಂತ ಊರಿನ ಮೇಷ್ಟ್ರು ಬರೆದ ಕಿರುಪುಸ್ತಕ, ಸಂಘದ ಹಳೇ ವಾರ್ಷಿಕ ವರದಿ. ನಮ್ಮೂರ ಹೊಯ್ಸಳರ ಜೋಡಿ ಗುಡಿ, ನಾಗೇಶ್ವರ ಮತ್ತು ಚೆನ್ನಕೇಶವ, ಶತಮಾನಗಳಿಂದ ಅಕ್ಕಪಕ್ಕ ನಿಂತಿವೆ, ಹೆಚ್ಚು ಕಡಿಮೆ ಒಂದೇ ಅಚ್ಚಿನಲ್ಲಿ. ಆ ಗುಡಿ ಬಗ್ಗೆ 20 ವರ್ಷದ ಹಿಂದೆ ಯಾರೋ ಟೈಪ್ ಮಾಡಿಸಿದ ಫೈಲನ್ನ ಇವತ್ತು ತೆಗೆಯೋಕಾಗಲ್ಲ ಅಂದ್ರೆ ಬೇಜಾರಾಗಲ್ವಾ?

ಹಾಗಾಗಿ ಈ ವಾರದ ಕೆಲಸ, ಅಂಗಡಿಯವರಿಗೂ ಮನೆಯವರಿಗೂ.

ಒಂದು, ಬಿಲ್ ಇರೋ ಪ್ರತಿ ಸಾಫ್ಟ್‌ವೇರ್ ಸಿಡಿಯನ್ನ ಇವತ್ತೇ ಇಮೇಜ್ ಫೈಲ್ ಮಾಡಿ. ಐಎಸ್‌ಒ ಅಂತಾರಲ್ಲ, ಅದು. ಇನ್ನೊಂದು ಸಿಡಿಗೆ ಬರೆಯೋದಕ್ಕಿಂತ ಹಾರ್ಡ್ ಡಿಸ್ಕಿನಲ್ಲಿ ಇಡೋದು ಮೇಲು. ಎರಡು ಕಡೆ ಇಡಿ, ಒಂದು ಅಂಗಡೀಲಿ, ಒಂದು ಮನೇಲಿ. ಈ ಹಕ್ಕು ಕಾಗದದ ಮೇಲೆ ಯಾವಾಗಲೂ ಇರುತ್ತೆ. ಬಳಸೋಕಾಗೋದು ಸಿಡಿ ಓದೋವರೆಗೆ ಮಾತ್ರ.

ಎರಡು, ಸಿಡಿಗಿಂತ ಮುಖ್ಯ ಕಾಗದ. ಬಿಲ್, ಪರವಾನಗಿ ಪತ್ರ, ಡಬ್ಬಿ ಮೇಲಿನ ಸೀರಿಯಲ್ ನಂಬರ್, ಎಲ್ಲದರ ಫೋಟೋ ತೆಗೆದು ಅದೇ ಫೋಲ್ಡರಿಗೆ ಹಾಕಿ. ಆ ಕಾಗದ ಇಲ್ಲದೇ ನಿಮ್ಮ ಬ್ಯಾಕಪ್ಪಿಗೂ ಪಕ್ಕದವರ ನಕಲಿಗೂ ವ್ಯತ್ಯಾಸ ತೋರಿಸೋದು ಹೇಗೆ? ಸಿಡಿಯನ್ನ ಬೇರೆಯವರಿಗೆ ಮಾರಿದ್ರೆ ಬ್ಯಾಕಪ್ ಇಟ್ಕೋಬೇಡಿ. ಹಕ್ಕು ಪ್ರತಿಯ ಹಿಂದೆ ಹೋಗುತ್ತೆ.

ಮೂರು, ಹಳೇ ಕಂಪ್ಯೂಟರ್ ಇನ್ನೂ ಉಸಿರಾಡ್ತಿದ್ರೆ ಮುಖ್ಯ ಕೆಲಸಗಳನ್ನ ಪಿಡಿಎಫ್ ಮಾಡಿ, ಪಠ್ಯವನ್ನ ಯುನಿಕೋಡಿಗೆ ಬದಲಾಯಿಸಿ. ಪರಿವರ್ತಕಗಳು ಉಚಿತವಾಗಿ ಸಿಗ್ತವೆ. ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತೆ, ಒಂದು ಸಲ ಓದಿ ತಿದ್ದಬೇಕು.

ನಾಲ್ಕು, ನಕಲಿ ಬೇಕಾಗದ ದಾರಿ ಇದ್ಯಾ ನೋಡಿ. ಕನ್ನಡ ಟೈಪಿಂಗಿಗೆ ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತ. ಬರವಣಿಗೆಗೆ ಲಿಬ್ರೆ ಆಫೀಸ್, ಪುಟ ಕಟ್ಟೋಕೆ ಸ್ಕ್ರೈಬಸ್, ಇವನ್ನ ನಕಲು ಮಾಡಿ ಹಂಚಿ ಅಂತ ಮಾಡಿದವರೇ ಹೇಳಿದ್ದಾರೆ. ಬಿಕಾಂ ಓದ್ತಿರೋರಿಗೆ ಒಂದು ಮಾತು: ಟ್ಯಾಲಿ ಕಲಿಯೋಕೆ ಕ್ರ್ಯಾಕ್ ಬೇಕಾಗಿಲ್ಲ. ಅದರಲ್ಲೇ ಎಜುಕೇಶನಲ್ ಮೋಡ್ ಇದೆ. ತಿಂಗಳ 1, 2 ಮತ್ತು 31ನೇ ತಾರೀಖಿನ ಎಂಟ್ರಿ ಮಾತ್ರ ಹಾಕಬಹುದು, ಆದ್ರೆ ಕಲಿಯೋಕೆ ಧಾರಾಳ ಸಾಕು. ಅಂಗಡಿ ಲೆಕ್ಕ ಬರೆಯೋಕೆ ಮಾತ್ರ ಲೈಸೆನ್ಸ್ ಬೇಕು.

ಇದನ್ನ ಕೇಳ್ತಿರೋರಲ್ಲಿ ಡಿಟಿಪಿ ಮಾಡ್ತಿದ್ದೋರು, ಈಗಲೂ ಮಾಡ್ತಿರೋರು ಇದ್ರೆ, ನಿಮ್ಮ ಹತ್ರ ತೆಗೆಯೋಕಾಗದೆ ಉಳಿದಿರೋ ಕನ್ನಡ ಫೈಲುಗಳು ಯಾವು ಅಂತ ನನಗೆ ಕಳಿಸಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿಂದಾದ್ರೂ ಸರಿ. ಯುನಿಕೋಡಿಗೆ ತರೋದು ಹೇಗೆ ಅಂತ ಗೊತ್ತಿರೋ ಒಬ್ಬರನ್ನ ಮುಂದಿನ ಸಂಚಿಕೆಗೆ ಕರ್ಕೊಂಡು ಬರ್ತೀನಿ, ನಿಮ್ಮ ಫೈಲುಗಳನ್ನೇ ಮುಂದಿಟ್ಟುಕೊಂಡು ಮಾತಾಡೋಣ. ಅಲ್ಲೀವರೆಗೆ ಹಳೇ ಸಿಡಿಗಳನ್ನ ಬಿಸಿಲಿಗೆ ಇಡಬೇಡಿ, ತೆಂಗಿನ ಮರಕ್ಕೆ ಹಕ್ಕಿ ಓಡಿಸೋಕೂ ಕಟ್ಟಬೇಡಿ.